ಆಕರಕೋಶ: ಔಷಧವಾಗಲು ಬೇಕಾದ ತಾಳ್ಮೆ

ಜಯನಗರ, ಬನಶಂಕರಿಯ ಉದ್ಯಾನಗಳಲ್ಲಿ ಬೆಳಿಗ್ಗೆ ನಡೆಯುವ ಹಿರಿಯರ ನಡುವೆ ಮಂಡಿನೋವಿನ ಮಾತು ಬಂದೇ ಬರುತ್ತದೆ. ಮಂಡಿಯಲ್ಲಿ ಸವೆದ ಮೃದ್ವಸ್ಥಿ ತಾನಾಗಿ ಮತ್ತೆ ಬೆಳೆಯುವುದು ಬಹಳ ಕಷ್ಟ. ಜೀವಕೋಶಗಳಿಂದಲೇ ಇದಕ್ಕೆ ಔಷಧ ಸಾಧ್ಯವೇ? ಇಂಥ ಪ್ರಶ್ನೆಗಳ ಸುತ್ತ ಬೆಂಗಳೂರಿನಲ್ಲಿ ಒಂದು ಉದ್ಯಮವೇ ಬೆಳೆಯುತ್ತಿದೆ.

ಶರೀರದ ಬಹುಪಾಲು ಕೋಶಗಳು ಒಂದೊಂದು ಕೆಲಸಕ್ಕೆ ಮೀಸಲು. ಆಕರಕೋಶ, ಅಂದರೆ ಸ್ಟೆಮ್ ಸೆಲ್, ಹಾಗಲ್ಲ. ಅದು ತನ್ನಂಥದೇ ಇನ್ನೊಂದು ಕೋಶವನ್ನು ಕೊಡಬಲ್ಲದು. ಬೇರೆ ಬಗೆಯ ಕೋಶವಾಗಿಯೂ ಮಾರ್ಪಡಬಲ್ಲದು. ಕೆಲವು ಆಕರಕೋಶಗಳು ಉರಿಯೂತ ತಗ್ಗಿಸುವ, ರಕ್ತನಾಳಗಳ ಬೆಳವಣಿಗೆಗೆ ನೆರವಾಗುವ ದ್ರವ್ಯಗಳನ್ನೂ ಸ್ರವಿಸುತ್ತವೆ.

ಈ ಉದ್ಯಮಕ್ಕೆ ನಮ್ಮಲ್ಲಿ ನೆಲ ಹದವಾದದ್ದು ನಿಧಾನವಾಗಿ. 1978ರಲ್ಲಿ ಕಿರಣ್ ಮಜುಂದಾರ್ ಅವರು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಆರಂಭಿಸಿದ ಬಯೋಕಾನ್, ಪರಂಗಿಕಾಯಿಯ ಕಿಣ್ವ ತಯಾರಿಸುತ್ತಿತ್ತು. ಮುಂದೆ ಅದು ಹೊಸೂರು ರಸ್ತೆಯಲ್ಲಿ ದೊಡ್ಡ ಸಂಸ್ಥೆಯಾಯಿತು. 2001ರಲ್ಲಿ ರಾಜ್ಯ ಸರ್ಕಾರ ಜೈವಿಕ ತಂತ್ರಜ್ಞಾನ ನೀತಿ ಪ್ರಕಟಿಸಿತು. 2009ರಲ್ಲಿ ಆಕರಕೋಶಗಳ ಸಂಶೋಧನೆಗಾಗಿಯೇ ಇನ್‌ಸ್ಟೆಮ್ ಸಂಸ್ಥೆ ಇಲ್ಲಿ ಸ್ಥಾಪನೆಯಾಯಿತು.

ಸಂಶೋಧನೆಯಿಂದ ಔಷಧದವರೆಗಿನ ಹಾದಿ ಎಷ್ಟು ದೂರ? ಮಣಿಪಾಲ ಸಮೂಹ 2006ರಲ್ಲಿ ಇಲ್ಲಿ ಆರಂಭಿಸಿದ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯನ್ನೇ ನೋಡಿ. ದಾನಿಗಳ ಅಸ್ಥಿಮಜ್ಜೆಯ ಕೋಶಗಳಿಂದ ಅದು ಸಿದ್ಧಪಡಿಸಿದ ಔಷಧಕ್ಕೆ ಮೊದಲ ಸೀಮಿತ ಅನುಮತಿ ದೊರೆತದ್ದು 2016ರಲ್ಲಿ; ಅದೂ ತಂಬಾಕು ಸೇವಿಸುವವರ ಕಾಲಿನ ರಕ್ತನಾಳ ಮುಚ್ಚಿಸುವ ಬರ್ಗರ್ ಕಾಯಿಲೆಗೆ. ಮಂಡಿಸವೆತಕ್ಕೆ ಅನುಮತಿ ಬಂದದ್ದು 2022ರಲ್ಲಿ.

ಇಷ್ಟು ಕಾಲ ಏಕೆ? ಇದು ಮಾತ್ರೆಯಲ್ಲ, ಜೀವಂತ ಕೋಶ. ಧೂಳು, ಸೂಕ್ಷ್ಮಾಣು ಸೋಕದ ಕೋಣೆಯಲ್ಲಿ ಅದನ್ನು ಬೆಳೆಸಬೇಕು, ದ್ರವ ಸಾರಜನಕದ ಅತಿಶೀತದಲ್ಲಿ ಕಾಪಾಡಬೇಕು, ತಯಾರಾದ ಪ್ರತಿ ಕಂತನ್ನೂ ಪರೀಕ್ಷಿಸಬೇಕು. ನಮ್ಮ ಕಾಲೇಜುಗಳ ವಿಜ್ಞಾನ ಪದವೀಧರರಿಗೆ ಉದ್ಯೋಗವಿರುವುದೂ ಈ ಕೆಲಸಗಳಲ್ಲಿಯೇ.

ಆದರೆ ಕಾಯದೆ ಮಾರುವವರೂ ಇದ್ದಾರೆ. ಮಧುಮೇಹ, ಆಟಿಸಂ, ಪಾರ್ಶ್ವವಾಯು ಎಲ್ಲಕ್ಕೂ ಸ್ಟೆಮ್ ಸೆಲ್ ಮದ್ದೆಂಬ ಪ್ರಚಾರ ನಂಬಿ ಸಾಲ ಮಾಡಿದ ಕುಟುಂಬಗಳುಂಟು. 2017ರ ರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಸಿದ್ಧ ಚಿಕಿತ್ಸೆ ಬಿಟ್ಟರೆ ಉಳಿದುದೆಲ್ಲ ಪ್ರಯೋಗವೇ, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಆಮೇಲೆ ಅನುಮತಿ ಪಡೆದ ಔಷಧಗಳೂ ಆಯಾ ಕಾಯಿಲೆಗೆ ಮಾತ್ರ.

ಆದ್ದರಿಂದ ಯಾರಾದರೂ ಈ ಚಿಕಿತ್ಸೆ ಸೂಚಿಸಿದರೆ ಎರಡು ಪ್ರಶ್ನೆ ಕೇಳಿ. ನನ್ನ ಕಾಯಿಲೆಗೆ ಇದಕ್ಕೆ ಔಷಧ ನಿಯಂತ್ರಕರ ಅನುಮತಿ ಇದೆಯೇ? ಪ್ರಯೋಗವಾದರೆ, ಅದರ ನೋಂದಣಿ ಸಂಖ್ಯೆ ಎಷ್ಟು? ಉತ್ತರ ಸಿಗದಿದ್ದರೆ ಎದ್ದು ಬನ್ನಿ. ನಿಮ್ಮ ದುಡ್ಡು ಉಳಿಯುತ್ತದೆ; ವರ್ಷಗಟ್ಟಲೆ ಕಾದು ಪ್ರಾಮಾಣಿಕವಾಗಿ ದುಡಿಯುವ ಉದ್ಯಮದ ಮೇಲಿನ ನಂಬಿಕೆಯೂ ಉಳಿಯುತ್ತದೆ.