ಹಿರಿಯರ ಭಾವಚಿತ್ರಕ್ಕೆ ಬಣ್ಣ ಬರುವ ಮುನ್ನ

ಹೊಟ್ಟೆಪಾಡಿಗೆಂದು ನಾಡು ಬಿಟ್ಟು ಬಂದ ನಾವು ಹೆಚ್ಚು ಸಾಮಾನು ಹೊತ್ತು ತಂದವರಲ್ಲ. ಆದರೂ ವಿಶಾಖಪಟ್ಟಣ, ವಿಜಯವಾಡಗಳ ನಮ್ಮವರ ಮನೆಗಳಲ್ಲಿ ಅಜ್ಜ ಅಜ್ಜಿಯರ ಹಳೆಯ ಫೋಟೋ ಒಂದು ಗೋಡೆಯ ಮೇಲೋ ಟ್ರಂಕಿನ ತಳದಲ್ಲೋ ಇರುವುದುಂಟು. ಅದನ್ನು ಕಂಪ್ಯೂಟರಿನಲ್ಲಿ ವರ್ಣಚಿತ್ರವಾಗಿ ಮಾಡಿಸಿ ಗೃಹಪ್ರವೇಶಕ್ಕೋ ಷಷ್ಟ್ಯಬ್ದಿಗೋ ಕೊಡುವ ಆಸೆ ಈಗ ಹಲವರಿಗಿದೆ. ಇದು ಹೊಸ ಹುಚ್ಚೇನೂ ಅಲ್ಲ. 19ನೆಯ ಶತಮಾನದಲ್ಲಿಯೇ ನಮ್ಮ ದೇಶದ ಚಿತ್ರಗಾರರು ಫೋಟೋಗಳ ಮೇಲೆ ಕುಂಚದಿಂದ ಬಣ್ಣ ಹಚ್ಚುತ್ತಿದ್ದರು.

ಆದರೆ ಚಿತ್ರ ಚೆನ್ನಾಗಿ ಬರುವುದೂ ಕೆಡುವುದೂ ಬಹುಮಟ್ಟಿಗೆ ನಾವು ಕೊಡುವ ಫೋಟೋವನ್ನು ಅವಲಂಬಿಸಿದೆ. ಕಡಲ ತೀರದ ತೇವಕ್ಕೆ ಫೋಟೋ ಬೂಷ್ಟು ಹಿಡಿಯುತ್ತದೆ, ಗಾಜಿಗೆ ಅಂಟಿಕೊಳ್ಳುತ್ತದೆ. ಅಂಟಿದ್ದನ್ನು ಕೀಳಬಾರದು, ಕಿತ್ತರೆ ಮುಖವೇ ಗಾಜಿನ ಮೇಲೆ ಉಳಿದೀತು. ಗಾಜಿನ ಸಮೇತ ಪ್ರತಿ ತೆಗೆಸುವುದೇ ಕ್ಷೇಮ. ಬಿಡಿಯಾದ ಫೋಟೋ ಇದ್ದರೆ ಮೃದುವಾದ ಒಣ ಕುಂಚದಿಂದ ಧೂಳು ಹಾರಿಸಿದರೆ ಸಾಕು. ಒದ್ದೆ ಬಟ್ಟೆ ಸೋಕಿಸಬಾರದು.

ಅನಂತರ ಸ್ಕ್ಯಾನ್ ಮಾಡಿಸಬೇಕು. 4×6 ಅಂಗುಲದ ಫೋಟೋವನ್ನು ಅಂಗುಲಕ್ಕೆ 600 ಬಿಂದುಗಳಂತೆ ತೆಗೆಸಿದರೆ 2400×3600 ಬಿಂದುಗಳಾಗುತ್ತವೆ. ಅಚ್ಚಿಗೆ ಅಂಗುಲಕ್ಕೆ 300 ಬಿಂದು ಹಿಡಿದರೂ 8×12 ಅಂಗುಲದ ಸೊಗಸಾದ ಚಿತ್ರವಾಗುತ್ತದೆ. ಮೊಬೈಲಿನಲ್ಲಿ ತೆಗೆಯುವುದಾದರೆ ಫ್ಲ್ಯಾಷ್ ಬೇಡ. ಕಿಟಕಿಯ ಹದವಾದ ಬೆಳಕು ಸಾಕು. ಅದನ್ನು ವಾಟ್ಸ್ಯಾಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಬೇಕು.

ಇಷ್ಟು ಅಂಗಡಿಯವರೂ ಹೇಳಿಯಾರು. ಅವರು ಹೇಳಲಾರದ್ದು ಒಂದಿದೆ: ಬಣ್ಣ. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಅಂಥ ಫೋಟೋದಲ್ಲಿ ಅಜ್ಜಿಯ ಕುಂಕುಮವೂ ಸೀರೆಯ ಕೆಂಪು ಅಂಚೂ ಕಪ್ಪಾಗಿಯೇ ಬಿದ್ದಿರುತ್ತವೆ. ಚಿತ್ರಗಾರನಿಗೆ ಅದು ಹೇಗೆ ತಿಳಿಯಬೇಕು? ಈಗಿನ ಯಂತ್ರಬುದ್ಧಿಯ ಪಾಡೂ ಅಷ್ಟೆ: ಸೀರೆಗೆ ತೋಚಿದ ಬಣ್ಣ ಕೊಡುತ್ತದೆ, ಮುಖದ ಮಚ್ಚೆಯನ್ನು ಕಲೆಯೆಂದು ಒರೆಸುತ್ತದೆ, ಸುಕ್ಕನ್ನು ನುಣುಪು ಮಾಡುತ್ತದೆ. ಚಿತ್ರ ಚೆಂದವಾದೀತು; ಅದು ನಮ್ಮ ಅಜ್ಜಿಯಾಗಿರುವುದಿಲ್ಲ.

ಆದ್ದರಿಂದ ಫೋಟೋದ ಜೊತೆಗೆ ಒಂದು ಚೀಟಿಯನ್ನೂ ಸಿದ್ಧಪಡಿಸೋಣ. ಸೀರೆ ಯಾವ ಬಣ್ಣದ್ದು, ಮೂಗುಬೊಟ್ಟು ಯಾವ ಕಡೆಗಿತ್ತು, ರುಮಾಲಿನ ಜರಿ ಹೇಗಿತ್ತು, ಯಾವ ಮಚ್ಚೆಯನ್ನು ಮುಟ್ಟಬಾರದು—ಇವೆಲ್ಲ ಅದರಲ್ಲಿರಲಿ. ಇದನ್ನು ಬಲ್ಲವರು ಊರಿನಲ್ಲಿರುವ ದೊಡ್ಡಮ್ಮ, ಸೋದರತ್ತೆ, ಚಿಕ್ಕಪ್ಪಂದಿರು. ಅವರಿಗೂ ವಯಸ್ಸಾಗುತ್ತಿದೆ. ಫೋಟೋ ಇನ್ನೂ ನಾಲ್ಕು ವರ್ಷ ಟ್ರಂಕಿನಲ್ಲಿ ಕಾದೀತು. ಅವರ ನೆನಪು ಕಾಯದು. ಮುಂದಿನ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆದುಕೊಳ್ಳೋಣ. ಇಲ್ಲಿ ತೆಲುಗು ಆಡುತ್ತ ಬೆಳೆಯುವ ನಮ್ಮ ಮಕ್ಕಳಿಗೆ ಆ ಮುಖದ ಹೆಸರೂ ಊರೂ ಹಾಗೆಯೇ ತಿಳಿಯುತ್ತವೆ.

ಚಿತ್ರ ಬಂದ ಮೇಲೆ ಹಳೆಯ ಫೋಟೋವನ್ನು ಎಸೆಯಬಾರದು. ಬೆನ್ನಿಗೆ ಮೆದು ಪೆನ್ಸಿಲಿನಿಂದ ಹೆಸರು ಬರೆದು, ಒಣಗಿದ ಜಾಗದಲ್ಲಿ ಜೋಪಾನವಾಗಿಡಬೇಕು. ಗೋಡೆಗೆ ಚಿತ್ರ ಸಾಕು. ಮನೆತನಕ್ಕೆ ಮೂಲವೇ ಬೇಕು.