ಕಲ್ಲು ಸುರಿದರೆ ಕಡಲು ನಿಲ್ಲುತ್ತಾ?

ಪ್ರತಿ ಮಳೆಗಾಲದಲ್ಲೂ ಕರಾವಳಿಯಿಂದ ಒಂದೇ ಬಗೆಯ ಸುದ್ದಿ ಬರುತ್ತದೆ. ಉಳ್ಳಾಲ, ಸೋಮೇಶ್ವರ ಉಚ್ಚಿಲ ಅಥವಾ ಮರವಂತೆಯಲ್ಲಿ ಕಡಲ್ಕೊರೆತ. ತೆಂಗಿನ ಮರಗಳು ನೀರುಪಾಲು, ರಸ್ತೆ ತುಂಡು, ಮನೆಗಳಿಗೆ ಅಪಾಯ. ಸಚಿವರು ಬರ್ತಾರೆ, ನೋಡ್ತಾರೆ, ತುರ್ತು ಅನುದಾನ ಘೋಷಿಸ್ತಾರೆ. ಲಾರಿಗಳಲ್ಲಿ ಬಂಡೆಗಲ್ಲು ಬಂದು ಬೀಳುತ್ತದೆ. ಕೆಲವೇ ಮಳೆಗಾಲಗಳಲ್ಲಿ ಆ ಕಲ್ಲುಗಳು ಕುಸಿದು ಮರಳಲ್ಲಿ ಹೂತು ಹೋಗುತ್ತವೆ. ಮತ್ತೆ ಟೆಂಡರ್, ಮತ್ತೆ ಕಲ್ಲು.

ಇದು ಯಾಕೆ ಮುಗಿಯಲ್ಲ? ಉತ್ತರ ಬೇಕಿದ್ದರೆ ಮರಳಿನ ಲೆಕ್ಕ ನೋಡಬೇಕು.

ಮರಳಿನ ಆದಾಯ, ಖರ್ಚು

ಕಡಲತೀರ ಅನ್ನೋದು ಒಂದೇ ಕಡೆ ನಿಂತ ಗೆರೆಯಲ್ಲ. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಕಡಲೊಳಕ್ಕೆ ಎಳೆದೊಯ್ಯುತ್ತವೆ. ಮಳೆ ಮುಗಿದ ಮೇಲೆ ಸಣ್ಣ ಅಲೆಗಳು ಅದರಲ್ಲಿ ಬಹುಪಾಲನ್ನು ವಾಪಸ್ ತಂದು ಹಾಕುತ್ತವೆ. ಅಲೆಗಳು ಓರೆಯಾಗಿ ಬಡಿಯುವುದರಿಂದ ಮರಳು ದಡದ ಉದ್ದಕ್ಕೂ ಸಾಗುತ್ತದೆ. ಹೊಸ ಮರಳನ್ನು ನದಿಗಳು ತರುತ್ತವೆ. ನದಿಗೆ ಅಣೆಕಟ್ಟು ಕಟ್ಟಿ, ಮರಳು ಬಗೆದರೆ ತೀರದ ಆದಾಯವೇ ಕಡಿಮೆಯಾಗುತ್ತದೆ. ಬಂದರಿಗಾಗಿ ಬ್ರೇಕ್‌ವಾಟರ್ ಚಾಚಿದರೆ ಮರಳು ಒಂದು ಬದಿಯಲ್ಲಿ ರಾಶಿ ಬೀಳುತ್ತದೆ, ಇನ್ನೊಂದು ಬದಿ ಬರಿದಾಗುತ್ತದೆ.

ಕಲ್ಲಿನ ತಡೆಗೋಡೆ ಹಿಂದಿನ ಮನೆಗಳನ್ನು ಸ್ವಲ್ಪ ಕಾಲ ಕಾಯುತ್ತದೆ, ನಿಜ. ಆದರೆ ಗೋಡೆಗೆ ಬಡಿದು ಹಿಂತಿರುಗುವ ಅಲೆ ಅದರ ಬುಡದ ಮರಳನ್ನೇ ಕೊರೆಯುತ್ತದೆ. ಗೋಡೆ ಮುಗಿಯುವ ಜಾಗದಲ್ಲಿ ಕೊರೆತ ಇನ್ನೂ ಜೋರು. ಅಂದರೆ ಒಂದು ಊರಿನ ಸಮಸ್ಯೆ ಪಕ್ಕದ ಊರಿಗೆ ವರ್ಗಾವಣೆ ಆಗುತ್ತದೆ ಅಷ್ಟೇ. ಉಳ್ಳಾಲವನ್ನೇ ನೋಡಿ. ಅದರ ಉತ್ತರಕ್ಕೆ ನೇತ್ರಾವತಿ–ಗುರುಪುರ ನದಿಗಳ ಅಳಿವೆಯಲ್ಲಿ ಬ್ರೇಕ್‌ವಾಟರ್‌ಗಳಿವೆ. 2010ರಲ್ಲಿ ಮಂಜೂರಾದ ಎಡಿಬಿ ಸಾಲದ ಯೋಜನೆಯಲ್ಲಿ ಉಳ್ಳಾಲದ ರಕ್ಷಣೆಗೆ ಕಡಲೊಳಗೆ ರೀಫ್, ದಡದ ಬಳಿ ಬರ್ಮ್ ಕಟ್ಟಲಾಯಿತು. ಆಮೇಲೆ ಕೊರೆತ ದಕ್ಷಿಣದ ಸೋಮೇಶ್ವರ, ಉಚ್ಚಿಲದ ಕಡೆ ಸರಿಯಿತು ಅನ್ನೋದು ಅಲ್ಲಿನವರ ದೂರು.

ಇದರ ಮೇಲೆ ಹವಾಮಾನ ಬದಲಾವಣೆಯ ಹೊರೆ ಬೇರೆ. ಐಪಿಸಿಸಿ ಪ್ರಕಾರ 1901ರಿಂದ 2018ರ ನಡುವೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂ.ಮೀ. ಏರಿದೆ, ಏರಿಕೆಯ ವೇಗವೂ ಹೆಚ್ಚುತ್ತಿದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಮುಂಗಾರಿಗೂ ಮೊದಲೇ ನಮ್ಮ ತೀರವನ್ನು ಕಿತ್ತು ಹಾಕಿತ್ತು.

ಬೀಚ್ ಯಾರಿಗೆ ಏನು?

ಪ್ರವಾಸಿಗೆ ಬೀಚ್ ಅಂದ್ರೆ ನೋಟ. ಮೀನುಗಾರರಿಗೆ ಅದು ಕೆಲಸದ ಜಾಗ. ನಾಡದೋಣಿ ಮೇಲೆಳೆಯಲು, ಕೈರಂಪಣಿ ಬಲೆ ಎಳೆಯಲು, ಹೆಂಗಸರು ಮೀನು ಒಣಗಿಸಲು ಮರಳ ದಡವೇ ಬೇಕು. ದಡದ ಉದ್ದಕ್ಕೂ ಕಲ್ಲು ಪೇರಿಸಿದರೆ ಮನೆ ಉಳಿದೀತು, ಕಸುಬು ಹೋಗುತ್ತದೆ.

ಹಾಗಾದರೆ ಜನರನ್ನೇ ಹಿಂದಕ್ಕೆ ಕಳಿಸೋಣ ಅನ್ನೋದು ಇನ್ನೊಂದು ವಾದ. ಒಡಿಶಾದ ಸಾತಭಾಯಾದಲ್ಲಿ ಕಡಲು ಊರುಗಳನ್ನೇ ನುಂಗಿದಾಗ 2018ರಲ್ಲಿ 571 ಕುಟುಂಬಗಳನ್ನು ಬಾಗಪಾಟಿಯಾಗೆ ಸ್ಥಳಾಂತರಿಸಲಾಯಿತು. ಮನೆಗೆ ಜಾಗ ಸಿಕ್ಕಿತು, ಉಳುಮೆಗೆ ಭೂಮಿ ಸಿಗಲಿಲ್ಲ. ದುಡಿಮೆಗಾಗಿ ಬೇರೆ ರಾಜ್ಯಗಳಿಗೆ ವಲಸೆ ಹೋಗುವುದು ಅನೇಕರಿಗೆ ಅನಿವಾರ್ಯವಾಯಿತು. ಕೇರಳದ ‘ಪುನರ್ಗೇಹಂ’ ಯೋಜನೆ ಕಡಲಿಂದ 50 ಮೀಟರ್ ಒಳಗಿರುವ ಕುಟುಂಬಗಳು ಹಿಂದೆ ಸರಿದರೆ 10 ಲಕ್ಷ ರೂ. ಕೊಡುತ್ತದೆ. ಕರಾವಳಿಯ ಭೂಮಿ ಬೆಲೆಗೆ ಈ ಹಣ ಸಾಲದು, ಕಡಲಿಂದ ದೂರ ಹೋದರೆ ಬದುಕೋದು ಹೇಗೆ ಅಂತ ಅಲ್ಲಿನ ಮೀನುಗಾರರು ಕೇಳುತ್ತಿದ್ದಾರೆ.

ಇದೇ ಹೊತ್ತಿಗೆ ನಮ್ಮ ಕಾನೂನು ಎತ್ತ ಸಾಗಿದೆ? 2019ರ ಜನವರಿಯಲ್ಲಿ ಪ್ರಕಟವಾದ ಹೊಸ ಸಿಆರ್‌ಝಡ್ ಅಧಿಸೂಚನೆ, ಜನದಟ್ಟಣೆಯ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ಅಂತರವನ್ನು 200 ಮೀಟರ್‌ನಿಂದ 50 ಮೀಟರ್‌ಗೆ ಇಳಿಸಿತು. ಕಡಲೇರಿಕೆ, ಕೊರೆತ ಎಲ್ಲವನ್ನೂ ಲೆಕ್ಕ ಹಾಕಿ ಗುರುತಿಸಿದ ‘ಹಜಾರ್ಡ್ ಲೈನ್’ ವಿಪತ್ತು ನಿರ್ವಹಣಾ ಯೋಜನೆಯ ಸಾಧನವಾಗಿ ಮಾತ್ರ ಉಳಿಯಿತು. ಅಪಾಯದ ಗೆರೆ ನಕ್ಷೆಯಲ್ಲಿದೆ, ಆದರೆ ಕಟ್ಟಡಕ್ಕೆ ಅಡ್ಡಿಯಿಲ್ಲ!

ಹಾಗಾದರೆ ಏನು ಮಾಡಬೇಕು?

ಮೊದಲಿಗೆ, ಊರಿಗೊಂದು ಗೋಡೆ ಅನ್ನೋದನ್ನು ಬಿಟ್ಟು, ಮರಳು ಸಾಗುವ ಇಡೀ ತೀರವನ್ನು ಒಂದೇ ಘಟಕವಾಗಿ ಯೋಜಿಸಬೇಕು. ಬಂದರಿನಲ್ಲಿ ಹೂಳೆತ್ತಿದ ಮರಳು ಶುದ್ಧವಾಗಿದ್ದರೆ ಬರಿದಾದ ದಡಕ್ಕೇ ಹಾಕಬೇಕು. ಅಳಿವೆಗಳಲ್ಲಿ ಕಾಂಡ್ಲಾ ಕಾಡು ಉಳಿಯಬೇಕು. ತೆರೆದ ತೀರದಲ್ಲಿ ಕಾಂಡ್ಲಾ ನಿಲ್ಲುವುದಿಲ್ಲ, ಅಲ್ಲಿ ಮರಳ ದಿಬ್ಬ, ಅದನ್ನು ಹಿಡಿದಿಡುವ ಬಳ್ಳಿಗಳು ಬೇಕು. ಹೊಸ ರಸ್ತೆ, ಶಾಲೆ, ಆಸ್ಪತ್ರೆಗಳನ್ನು ಅಪಾಯದ ಗೆರೆಯಿಂದ ಹಿಂದೆ ಕಟ್ಟಬೇಕು. ಕೆಲವು ಕಡೆ ಗೋಡೆ ಬೇಕೇ ಬೇಕಾಗಬಹುದು. ಆಗಲೂ ದೋಣಿ ಎಳೆಯಲು ದಾರಿ ಬಿಟ್ಟು, ಪಕ್ಕದ ಊರಿನ ಮೇಲಾಗುವ ಪರಿಣಾಮ ಲೆಕ್ಕ ಹಾಕಿ ಕಟ್ಟಬೇಕು.

ಸ್ಥಳಾಂತರ ಅನಿವಾರ್ಯವಾದರೆ ಮನೆ ಮಾತ್ರ ಹಿಂದೆ ಸರಿಯಲಿ, ದಡದ ಮೇಲಿನ ಹಕ್ಕು ಮೀನುಗಾರ ಸಮುದಾಯದ ಹತ್ತಿರವೇ ಇರಲಿ. ಖಾಲಿಯಾದ ಜಾಗದಲ್ಲಿ ರೆಸಾರ್ಟ್ ಎದ್ದರೆ ಅದನ್ನು ಹವಾಮಾನ ಹೊಂದಾಣಿಕೆ ಅನ್ನೋಕಾಗಲ್ಲ, ಅದು ಒಕ್ಕಲೆಬ್ಬಿಸುವಿಕೆ.

ಮುಂದಿನ ಸಲ ತಡೆಗೋಡೆಗೆ ಕೋಟಿಗಟ್ಟಲೆ ಮಂಜೂರಾದಾಗ ಗ್ರಾಮಸಭೆಯಲ್ಲೇ ಕೇಳೋಣ: ಈ ಗೋಡೆ ಮುಗಿದ ಕಡೆ ಯಾರ ಮನೆ ಇದೆ? ದೋಣಿ ಎಲ್ಲಿ ಎಳೀಬೇಕು? ಜನ ಬಿಟ್ಟುಹೋದ ಜಾಗ ಯಾರ ಹೆಸರಿಗೆ ಆಗುತ್ತೆ?