ಕಣ್ಣಿಗೆ ಕಟ್ಟುವ ಜಗತ್ತಿನ ಬೆಲೆ

ಒಂದು ಬೆರಳನ್ನು ಮೂಗಿನ ಮುಂದೆ ಗೇಣುದ್ದ ದೂರದಲ್ಲಿ ಹಿಡಿದು, ಮೊದಲು ಎಡಗಣ್ಣನ್ನೂ ಅನಂತರ ಬಲಗಣ್ಣನ್ನೂ ಮುಚ್ಚಿ ನೋಡಿರಿ. ಎದುರಿನ ಗೋಡೆಯ ಮೇಲೆ ಬೆರಳು ಅತ್ತಿಂದಿತ್ತ ಜಿಗಿದಂತೆ ತೋರುವುದು. ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಎರಡು ಬೇರೆ ನೆಲೆಗಳಿಂದ ನೋಡುತ್ತವೆ. ಮಿದುಳು ಆ ಎರಡು ಚಿತ್ರಗಳನ್ನು ಬೆಸೆದು ದೂರ ಸಮೀಪಗಳ ಅರಿವನ್ನು ಪಡೆಯುತ್ತದೆ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎರಡು ಕನ್ನಡಿಗಳನ್ನು ಜೋಡಿಸಿ, ಎಡಗಣ್ಣಿಗೊಂದು, ಬಲಗಣ್ಣಿಗೊಂದು ರೇಖಾಚಿತ್ರವನ್ನು ತೋರಿಸಿ, ಚಪ್ಪಟೆಯಾದ ಕಾಗದದಿಂದಲೇ ಆಳವುಳ್ಳ ದೃಶ್ಯವನ್ನು ಮೂಡಿಸಿದನು. ಅದೇ ಸ್ಟೀರಿಯೋಸ್ಕೋಪು. ಇಂದಿನ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಅದರ ವಂಶಕ್ಕೆ ಸೇರಿದುದು. ತಲೆ ತಿರುಗಿಸಿದರೆ ದೃಶ್ಯವೂ ಅದಕ್ಕನುಗುಣವಾಗಿ ತಿರುಗಬೇಕೆಂಬುದೊಂದೇ ಹೊಸದಾಗಿ ಸೇರಿದ ಷರತ್ತು. 1968ರಲ್ಲಿ ಅಮೆರಿಕದ ಐವನ್ ಸದರ್‌ಲೆಂಡ್ ಈ ಷರತ್ತನ್ನು ಪೂರೈಸಿದ ಯಂತ್ರವನ್ನು ರಚಿಸಿದಾಗ ಅದನ್ನು ಛಾವಣಿಯಿಂದ ತೂಗುಬಿಡಬೇಕಾಗಿತ್ತು.

ತಲೆಗೆ ಕಟ್ಟಿಕೊಳ್ಳುವಷ್ಟು ಹಗುರವಾಗಿ ಈ ಯಂತ್ರ ಜನಸಾಮಾನ್ಯರ ಪೇಟೆಗೆ ಭರದಿಂದ ಇಳಿದದ್ದು 2016ರಲ್ಲಿ. ಆ ವರ್ಷ ಮೂವರು ಪ್ರತಿಸ್ಪರ್ಧಿಗಳಿದ್ದರು: 599 ಡಾಲರಿನ ಆಕ್ಯುಲಸ್ ರಿಫ್ಟ್, 799 ಡಾಲರಿನ ಎಚ್‌ಟಿಸಿ ವೈವ್, 399 ಡಾಲರಿನ ಪ್ಲೇಸ್ಟೇಷನ್ ವಿಆರ್. ಪೆಟ್ಟಿಗೆಯ ಮೇಲಿನ ಅಂಕಿಯನ್ನು ಮಾತ್ರ ನೋಡಿದವನು ಮೂರನೆಯದೇ ಅಗ್ಗವೆಂದು, ಎರಡನೆಯದು ದುಬಾರಿಯೆಂದು ಕ್ಷಣಾರ್ಧದಲ್ಲಿ ತೀರ್ಮಾನಿಸಿಯಾನು. ನಾವು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ವೈವಿನ ಬೆಲೆಯಲ್ಲಿ ಎರಡು ಕೈಗೋಲುಗಳೂ ಸೇರಿದ್ದುವು. ರಿಫ್ಟಿನ ಕೈಗೋಲುಗಳಾದರೋ ಡಿಸೆಂಬರಿನಲ್ಲಿ ಬೇರೆಯಾಗಿ ಬಂದುವು. ಅವುಗಳ ಬೆಲೆ 199 ಡಾಲರು. ಕೂಡಿದರೆ 798! ಪ್ಲೇಸ್ಟೇಷನ್ನಿಗೂ ಕ್ಯಾಮರಾ, ಕೈಗೋಲುಗಳು ಬೇಕು. ಇವೆಲ್ಲ ಸೇರಿದ ಪೆಟ್ಟಿಗೆಗೆ 499 ಡಾಲರು. ಅದನ್ನು ನಡೆಸುವ ಪ್ಲೇಸ್ಟೇಷನ್ 4 ಯಂತ್ರಕ್ಕೆ ಆಗ 299. ಮತ್ತೆ 798! ಮೂರೂ ಒಂದೇ ಹೊಸ್ತಿಲಿಗೆ ಬಂದು ನಿಂತುವು. ಆದರೆ ಪ್ಲೇಸ್ಟೇಷನ್ನಿನ ಮೊತ್ತದಲ್ಲಿ ಚಿತ್ರವನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ ಬರೆಯುವ ಯಂತ್ರವೂ ಅಡಗಿದೆ; ಉಳಿದೆರಡರಲ್ಲಿ ಅದಿಲ್ಲ. ತಕ್ಕ ಕಂಪ್ಯೂಟರಿನೊಡನೆ ರಿಫ್ಟನ್ನು ಜೊತೆಗೂಡಿಸಿ ಮಾರುತ್ತಿದ್ದಾಗ ಬೆಲೆ 1,499 ಡಾಲರಿನಿಂದ ಆರಂಭವಾಗುತ್ತಿತ್ತು. ಎಂದರೆ, ಕಂಪ್ಯೂಟರಿನ ಪಾಲೇ ಸುಮಾರು 900. ಕುದುರೆಗಿಂತ ಲಾಯಕ್ಕೇ ಹೆಚ್ಚು ಖರ್ಚು!

ಇಷ್ಟು ಹೆಚ್ಚಿನ ಹಣಕ್ಕೆ ದೊರೆತದ್ದೇನು? ಚಿತ್ರದ ಸ್ಫುಟತೆ ಎಂದು ಉತ್ತರಿಸುವವರು ಉಂಟು. ರಿಫ್ಟ್ ಮತ್ತು ವೈವ್‌ಗಳಲ್ಲಿ ಒಂದೊಂದು ಕಣ್ಣಿಗೆ 1080×1200 ಪಿಕ್ಸೆಲ್‌ಗಳು, ಪ್ಲೇಸ್ಟೇಷನ್ನಿನಲ್ಲಿ 960×1080. ಮೊದಲನೆಯದು 12,96,000, ಎರಡನೆಯದು 10,36,800. ಆದರೆ ಪಿಕ್ಸೆಲ್ ಎಂಬುದು ಒಂದೇ ಅಳತೆಯ ಕಾಳಲ್ಲ. ಪ್ಲೇಸ್ಟೇಷನ್ನಿನ ಪ್ರತಿ ಪಿಕ್ಸೆಲಿನಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಕಿರುದೀಪಗಳಿದ್ದುವು. ಉಳಿದೆರಡರಲ್ಲಿ ಹಸಿರಿನೊಡನೆ ಕೆಂಪೋ ನೀಲಿಯೋ ಒಂದು, ಒಟ್ಟು ಎರಡೇ. ದೀಪಗಳನ್ನು ಎಣಿಸಿದರೆ ಅಗ್ಗದ ಯಂತ್ರದಲ್ಲಿ 31,10,400, ದುಬಾರಿಯವುಗಳಲ್ಲಿ 25,92,000. ಜಾಹೀರಾತಿನ ಅಂಕಿ ಇಲ್ಲಿ ತಲೆಕೆಳಗಾಯಿತು.

ನಿಜವಾಗಿ ಈ ಮೂರರಲ್ಲಿ ಯಾವುದೂ ಸ್ಫುಟವಾಗಿರಲಿಲ್ಲ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗವನ್ನು ಬೇರ್ಪಡಿಸಿ ಕಾಣಬಲ್ಲುದು. ಅದನ್ನು ತೃಪ್ತಿಪಡಿಸಲು ಡಿಗ್ರಿಗೆ 60 ಪಿಕ್ಸೆಲ್‌ಗಳಾದರೂ ಬೇಕು. 1080 ಪಿಕ್ಸೆಲ್‌ಗಳನ್ನು ಸುಮಾರು 90 ಡಿಗ್ರಿಗೆ ಹಂಚಿದರೆ ಉಳಿಯುವುದು ಹನ್ನೆರಡು, ಐದನೆಯ ಒಂದು ಪಾಲು. ಕಣ್ಣಿನ ವೈದ್ಯರ ಭಾಷೆಯಲ್ಲಿ ಇದು 6/30ರ ದೃಷ್ಟಿ: 30 ಮೀಟರ್ ದೂರದಿಂದ ಓದಬೇಕಾದ ಅಕ್ಷರವನ್ನು 6 ಮೀಟರಿಗೆ ಬಂದು ಓದುವ ಸ್ಥಿತಿ.

ಹೆಚ್ಚಿನ ಹಣ ಹೋದದ್ದು ಕಣ್ಣಿಗಲ್ಲ, ಕಾಲಿಗೆ ಮತ್ತು ಕೈಗೆ. ವೈವ್ ಯಂತ್ರವು ಕೋಣೆಯ ಮೂಲೆಗಳಲ್ಲಿ ಎರಡು ಪೆಟ್ಟಿಗೆಗಳನ್ನಿರಿಸುತ್ತದೆ. ಇವು ಹಡಗುಗಳಿಗೆ ದಾರಿತೋರುವ ದೀಪಸ್ತಂಭಗಳಂತೆ. ಮೊದಲು ಅತಿಗೆಂಪು ಬೆಳಕಿನ ಒಂದು ಮಿಂಚು. ಅನಂತರ ಸೆಕೆಂಡಿಗೆ 60 ಸುತ್ತು ತಿರುಗುವ ಅತಿಗೆಂಪು ಲೇಸರ್ ಹಾಳೆ ಕೋಣೆಯನ್ನು ಗುಡಿಸುತ್ತದೆ. ತಲೆಯ ಮೇಲಿನ ಗ್ರಾಹಕಗಳು ಮಿಂಚಿಗೂ ಹಾಳೆಗೂ ನಡುವಣ ಕಾಲವನ್ನು ಅಳೆಯುತ್ತವೆ. ಆ ಕಾಲ ಸೆಕೆಂಡಿನ 240ನೆಯ ಒಂದು ಭಾಗವಾದರೆ ಹಾಳೆ ಕಾಲು ಸುತ್ತು ತಿರುಗಿದೆ, ಕೋನ 90 ಡಿಗ್ರಿ. ಹೀಗೆ ಕೋನಗಳಿಂದ ಸ್ಥಾನ ದೊರೆಯುತ್ತದೆ. ಗಡಿಯಾರವೇ ಇಲ್ಲಿ ಅಳತೆಗೋಲು! ನೋಡುವವನು ಕೋಣೆಯಲ್ಲಿ ನಡೆದಾಡಬಹುದು, ಬಗ್ಗಬಹುದು. ಪ್ಲೇಸ್ಟೇಷನ್ನಿಗೆ ಎದುರಿನ ಒಂದೇ ಕ್ಯಾಮರಾ ಕಣ್ಣು. ಬೆನ್ನು ತಿರುಗಿಸಿದರೆ ಕೈಗೋಲುಗಳು ದೇಹದ ಮರೆಗೆ ಸರಿದು ಅದಕ್ಕೆ ಕಾಣದಾಗುವುವು. ಕುಳಿತು ಆಡುವವನಿಗೆ ಇದರಿಂದ ನಷ್ಟವಿಲ್ಲ. ಶಿಲ್ಪವನ್ನು ಸುತ್ತಿ ನೋಡಬೇಕೆನ್ನುವವನಿಗೆ ಇದೇ ದೊಡ್ಡ ನಷ್ಟ. ತಲೆ ಅಲುಗಿದ ಮೇಲೆ ಚಿತ್ರ ಬದಲಾಗಲು ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ತಡವಾದರೆ ಕಣ್ಣಿನ ಸಾಕ್ಷ್ಯಕ್ಕೂ ಒಳಗಿವಿಯ ಸಾಕ್ಷ್ಯಕ್ಕೂ ಹೊಂದಿಕೆ ತಪ್ಪಿ ಅನೇಕರಿಗೆ ಓಕರಿಕೆ ಬರುವುದು. ಕಂಪ್ಯೂಟರಿಗೆ ಸುರಿದ ಹಣದ ಬಹುಭಾಗ ಈ ಗಡುವನ್ನು ಉಳಿಸಿಕೊಳ್ಳುವುದಕ್ಕೆ.

ಮೂರು ವರ್ಷಗಳಲ್ಲಿ ಈ ಲೆಕ್ಕವೂ ಹಳೆಯದಾಯಿತು. 2019ರ ಆಕ್ಯುಲಸ್ ಕ್ವೆಸ್ಟ್ ಗಣಕವನ್ನೂ ಕ್ಯಾಮರಾಗಳನ್ನೂ ತನ್ನೊಳಗೇ ಇರಿಸಿಕೊಂಡು 399 ಡಾಲರಿಗೆ ಬಂದಿತು. ಮರುವರ್ಷದ ಕ್ವೆಸ್ಟ್ 2 ಯಂತ್ರಕ್ಕೆ 299 ಮಾತ್ರ. ಇನ್ನೊಂದು ತುದಿಯಲ್ಲಿ 2024ರ ಫೆಬ್ರುವರಿಯಲ್ಲಿ 3,499 ಡಾಲರಿಗೆ ಹೊರಬಂದ ಆ್ಯಪಲ್ ವಿಷನ್ ಪ್ರೊ. ಅದರ ಎರಡು ಪರದೆಗಳಲ್ಲಿ ಒಟ್ಟು 2.3 ಕೋಟಿ ಪಿಕ್ಸೆಲ್‌ಗಳು. 2023ರಲ್ಲಿ 499 ಡಾಲರಿಗೆ ಬಂದ ಕ್ವೆಸ್ಟ್ 3ರಲ್ಲಿ ಸುಮಾರು 91 ಲಕ್ಷ. ಹಣ ಏಳು ಪಟ್ಟು, ಪಿಕ್ಸೆಲ್ ಎರಡೂವರೆ ಪಟ್ಟು. ಸಣ್ಣ ಅಕ್ಷರಗಳನ್ನು ಓದುವ ಕೆಲಸವಿದ್ದವನು ಈ ದರವನ್ನು ಒಪ್ಪಿಯಾನು. ವಿದ್ಯಾರ್ಥಿಗೆ ನಾವು ಇದನ್ನು ಹೇಳಲಾರೆವು. 2014ರಲ್ಲಿ ಗೂಗಲ್ ಪರಿಚಯಿಸಿದ ರಟ್ಟಿನ ಪೆಟ್ಟಿಗೆ, ಎರಡು ಮಸೂರ ಮತ್ತು ಕೈಯಲ್ಲಿರುವ ಫೋನು, ಇಷ್ಟರಿಂದಲೂ ಸುತ್ತಲಿನ ದೃಶ್ಯವನ್ನು ಕಾಣಬಹುದು. ತಲೆ ತಿರುಗಿದುದು ಅದಕ್ಕೆ ತಿಳಿಯುತ್ತದೆ, ದೇಹ ಮುಂದೆ ಸರಿದುದು ಮಾತ್ರ ತಿಳಿಯದು.

ಕೊಳ್ಳುವ ಮುನ್ನ ವಿಚಾರಿಸಬೇಕಾದ ಇನ್ನೊಂದು ಸಂಗತಿಯನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. 2020ರಲ್ಲಿ ಬಂದ ಎಚ್‌ಪಿ ರಿವರ್ಬ್ ಜಿ2 ಸುಮಾರು 600 ಡಾಲರಿನ ಒಳ್ಳೆಯ ಯಂತ್ರ. ಅದು ನಡೆಯುತ್ತಿದ್ದದ್ದು ವಿಂಡೋಸ್‌ನೊಳಗಿನ ಒಂದು ವ್ಯವಸ್ಥೆಯ ಬಲದಿಂದ. ಆ ವ್ಯವಸ್ಥೆಯನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಡಿಸೆಂಬರಿನಲ್ಲಿ ಪ್ರಕಟಿಸಿತು; 2024ರ ವಿಂಡೋಸ್ 11 ಆವೃತ್ತಿಯಲ್ಲಿ ಅದು ಇಲ್ಲವಾಯಿತು. ಮಸೂರ ಒಡೆಯಲಿಲ್ಲ, ಪರದೆ ಮಾಸಲಿಲ್ಲ. ಆದರೂ ಹೊಸ ಆವೃತ್ತಿಗೆ ಹೋದವರ ಯಂತ್ರ ಮೇಜಿನ ಮೇಲೆ ಕುರುಡಾಗಿ ಕುಳಿತಿತು.